ಠಾಣೆಯ ಕೆಫೆಯಲ್ಲಿ ಉಡಿ ತುಂಬಿದ್ದು

ನಾನು ಸಿಟ್ಟಿನ ಮನುಷ್ಯ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹಾಗಂತ ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೆಲವರದು ಶೀತದ ಮೈ, ನನ್ನದು ಸಿಟ್ಟಿನ ಮೈ, ಅಷ್ಟೇ. ತಮಾಷೆಯೆಂದರೆ ಸಿಟ್ಟು ಬರಲೇಬೇಕಾದ ಕಡೆ ನನಗೆ ಅದು ಬರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಮುಂಬೈ ಪಕ್ಕದ ಠಾಕುರ್ಲಿಯಲ್ಲಿ ಲೋಕಲ್ ರೈಲು ಹತ್ತುತ್ತಿದ್ದೇನೆ. ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಕಾಲು ಯಾರದೋ ಚಪ್ಪಲಿಯ ಮೇಲೆ, ಬೆನ್ನಿಗೆ ಯಾರದೋ ಡಬ್ಬಿ ಒತ್ತುತ್ತಿರುತ್ತದೆ, ಮುಂಬ್ರಾದ ಉಪ್ಪುನೀರಿನ ಖಾಡಿಯ ಗಾಳಿ ಮುಖಕ್ಕೆ ರಪರಪ ಹೊಡೆಯುತ್ತಿರುತ್ತದೆ. ಆಗ ನಾನು ಸಾಧುವಿನಂತೆ ಕಣ್ಣು ಮುಚ್ಚಿಕೊಂಡು ನಿಂತಿರುತ್ತೇನೆ. ಹೀಗೆ ಜೀವ ಕೈಯಲ್ಲಿ ಹಿಡಿದು ಬಂದು ಇಳಿದ ಮನುಷ್ಯನಿಗೆ, ಹತ್ತು ನಿಮಿಷದ ನಂತರ ಒಂದು ಕಾಗದದ ಕಪ್ಪಿನ ಮೇಲೆ 'ಎಚ್ಚರಿಕೆ, ಒಳಗಿರುವುದು ಬಿಸಿಯಾಗಿರಬಹುದು' ಎಂದು ಓದಿದ ಕೂಡಲೇ ಸಿಟ್ಟು ನೆತ್ತಿಗೇರಿಬಿಡುತ್ತದೆ. ಚಹಾ ಬಿಸಿ ಇರದೆ ಮತ್ತೆ ಹೇಗಿರಬೇಕು? ಈ ಮಾತನ್ನು ಬರೆದವನು ಜೀವಮಾನದಲ್ಲಿ ಒಮ್ಮೆಯೂ ಚಹಾ ಕುಡಿದಿಲ್ಲವೇ?

ಈ ರೋಗ ನನಗೆ ಅಂಟಿದ್ದು ಆಫೀಸಿನಲ್ಲಿ. ಮಹಾಪೆಯ ಒಂದು ಕಂಪನಿಯಲ್ಲಿ ನಾನು ಡಿಸ್ಪ್ಯಾಚ್ ವಿಭಾಗ ನೋಡಿಕೊಳ್ಳುತ್ತೇನೆ. ಅಲ್ಲಿ ಮೆಟ್ಟಿಲು ಇಳಿಯುವಾಗ ರೇಲಿಂಗ್ ಹಿಡಿದೇ ಇಳಿಯಬೇಕೆಂದು ನಿಯಮ. ಒಂದು ಮಳೆಗಾಲದಲ್ಲಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಇಳಿದುಬಿಟ್ಟೆ. ಕೆಳಗೆ ನಿಂತಿದ್ದ ವಾಚ್‌ಮನ್ ನನ್ನನ್ನು ಮತ್ತೆ ಮೇಲೆ ಹತ್ತಿಸಿ, ರೇಲಿಂಗ್ ಹಿಡಿದು ಮೊದಲಿನಿಂದ ಇಳಿಯಿರಿ ಎಂದ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ರೇಲಿಂಗ್ ಹಿಡಿಯಲು ಹೋದಾಗ ಡಬ್ಬಿ ಕೈ ಜಾರಿ ಠಣಠಣ ಎಂದು ಉರುಳಿ, ಒಳಗಿನ ರೊಟ್ಟಿ ಜುಣಕವೆಲ್ಲ ಮೆಟ್ಟಿಲ ಪಾಲಾಯಿತು. ನಮ್ಮ ಸೇಫ್ಟಿ ಆಫೀಸರ್ ಓಡಿ ಬಂದು ನೋಡಿ, ರೇಲಿಂಗ್ ಹಿಡಿದದ್ದಕ್ಕೆ ಬರೀ ಡಬ್ಬಿ ಬಿತ್ತು, ನೀವು ಉಳಿದಿರಿ ಎಂದು ನನ್ನ ಕೈ ಕುಲುಕಿದರು. ಅವತ್ತು ಮಧ್ಯಾಹ್ನ ನಾನು ಉಪವಾಸ. ಅಂದಿನಿಂದ 'ಫಾರ್ ಯುವರ್ ಸೇಫ್ಟಿ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹಸಿವೆಯೂ ಸಿಟ್ಟೂ ಒಟ್ಟಿಗೇ ಎದ್ದು ನಿಲ್ಲುತ್ತವೆ.

ನಾವು ಬೆಳೆದ ರೀತಿಯೇ ಬೇರೆ. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಡೊಂಬಿವಲಿ ಸ್ಟೇಷನ್ನಿನ ಹೊರಗಿದ್ದ ಒಂದು ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಯ ಮಾಣಿ ನಾಲ್ಕು ಗ್ಲಾಸಿನಲ್ಲಿ ನಾಲ್ಕು ಬೆರಳು ಅದ್ದಿ ನೀರು ತಂದಿಡುತ್ತಿದ್ದ. ಅದೇ ಕೈಯಿಂದ ಮೇಜು ಒರೆಸುತ್ತಿದ್ದ, ಅದೇ ಕೈಯಿಂದ ಇಡ್ಲಿ ಬಡಿಸುತ್ತಿದ್ದ, ಅದೇ ಕೈಯಿಂದ ನನ್ನ ಕೆನ್ನೆ ಹಿಂಡುತ್ತಿದ್ದ. ಸಾಂಬಾರು ನಾಲಿಗೆ ಸುಡುವಷ್ಟು ಬಿಸಿ. ಸುಟ್ಟುಕೊಂಡವರು ಬಾಯಿ ತೆರೆದು ಹಾ ಹೂ ಎನ್ನುತ್ತಿದ್ದರೇ ಹೊರತು ಯಾರೂ ಯಾರ ಮೇಲೂ ಕೇಸು ಹಾಕುತ್ತಿರಲಿಲ್ಲ. ನಾವೆಲ್ಲ ಗಟ್ಟಿಮುಟ್ಟಾಗಿಯೇ ಬೆಳೆದೆವು. ನಡುವೆ ನನಗೊಮ್ಮೆ ಕಾಮಾಲೆಯಾಗಿ ಒಂದೂವರೆ ತಿಂಗಳು ಶಾಲೆ ತಪ್ಪಿತು, ಅದು ಬೇರೆ ಮಾತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೋದ ತಿಂಗಳು ನನ್ನ ಮಗಳಿಗೆ ವರ ನೋಡುವ ಕಾರ್ಯಕ್ರಮ ಒಂದು ಕೆಫೆಯಲ್ಲಿ ಆಯಿತು. ಕೆಫೆಯಲ್ಲಿ ಯಾಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಈಗ ಎಲ್ಲರೂ ಹಾಗೇ ಮಾಡುವುದಂತೆ. ಮನೆಗೆ ಕರೆದರೆ ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತದೆ, ಮುಂದೆ ಸಂಬಂಧ ಕೂಡದಿದ್ದರೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಉತ್ತರ ಕೊಡಬೇಕು. ಅದೂ ಲಿಫ್ಟು ನಡೆಯುತ್ತಿದ್ದರೆ. ಹಿಂದಿನ ಸಲ ಬಂದವರು ನಾಲ್ಕು ಮಹಡಿ ಹತ್ತಿ ಬಂದಿದ್ದರು. ಹುಡುಗನ ತಾಯಿ ಸೋಫಾದಲ್ಲಿ ಕುಳಿತವರು ಕೊನೆಯವರೆಗೂ ಮೊಣಕಾಲಿನ ಬಗ್ಗೆ ಮಾತಾಡಿದರು, ಹುಡುಗಿಯ ಬಗ್ಗೆ ಮಾತಾಡಲೇ ಇಲ್ಲ. ಈ ಸಲ ಬಂದದ್ದು ಗದಗ ಕಡೆಯ ಸಂಬಂಧ. ಬಹಳ ವರ್ಷಗಳಿಂದ ವಾಶಿಯಲ್ಲಿದ್ದಾರೆ, ತಂದೆ ಬ್ಯಾಂಕಿನಿಂದ ರಿಟೈರ್ ಆದವರು, ಹುಡುಗ ನಿಖಿಲ ಐರೋಲಿಯಲ್ಲಿ ಕೆಲಸ ಮಾಡುತ್ತಾನೆ. ನಿಮ್ಮ ಊರೂ ಬೇಡ ನಮ್ಮ ಊರೂ ಬೇಡ, ನಡುವೆ ಠಾಣೆ ಊರಿನಲ್ಲಿ ಭೇಟಿಯಾಗೋಣ ಎಂದು ಅವರೇ ಹೇಳಿದರು.

ನನ್ನ ಮಗಳು ಶ್ರುತಿ ಹೊರಡುವ ಹಿಂದಿನ ದಿನ ನನ್ನ ಹತ್ತಿರ ಬಂದು ಕೂತಳು. ಅವಳಿಗೆ ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಬರುತ್ತದೆ, ಅದಕ್ಕೆ ನಾವು ಹೊಂದಿಕೊಂಡಿದ್ದೇವೆ. ಅಪರಿಚಿತರ ಎದುರು ತನಗೆ ಕೈಕಾಲು ಆಡುವುದಿಲ್ಲ, ಹುಡುಗ ಹೇಗೆ ಎಂದು ತನಗೆ ಆ ಗಡಿಬಿಡಿಯಲ್ಲಿ ತಿಳಿಯುವುದಿಲ್ಲ ಎಂದಳು. ನೀವು ಅವನನ್ನು ಸರಿಯಾಗಿ ನೋಡಿ, ನೋಡಿ ನನಗೆ ನಿಜ ಹೇಳಿ, ನೀವು ಹೂಂ ಎಂದರೆ ನಾನೂ ಹೂಂ ಎನ್ನುತ್ತೇನೆ ಎಂದಳು. ಒಬ್ಬಳೇ ಮಗಳು. ನನ್ನ ಕಣ್ಣಲ್ಲಿ ನೀರೇ ಬಂತು. ಇಡೀ ಕಾರ್ಯಕ್ರಮದಲ್ಲಿ ನನಗೆ ಒಪ್ಪಿಸಿದ ಕೆಲಸ ಅದೊಂದೇ, ನೋಡುವುದು. ಅದೇನು ಮಹಾ ಎಂದುಕೊಂಡೆ.

ಹೆಂಡತಿ ಸುಧಾಳ ತಯಾರಿ ಬೇರೆಯೇ ಇತ್ತು. ಒಂದು ಚೀಲದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣದ ಕೊಂಬು, ಕುಪ್ಪಸಕ್ಕೆ ಒಂದು ಖಣ, ಅವಳ ತಾಯಿ ಕೊಟ್ಟ ಬೆಳ್ಳಿಯ ಕುಂಕುಮದ ಬಟ್ಟಲು, ಎಲ್ಲವನ್ನೂ ತುಂಬಿಕೊಂಡು ನಿಂತಿದ್ದಳು. ಇದನ್ನೆಲ್ಲ ಸೆರಗಿಗೆ ಹಾಕಿ ಹುಡುಗನ ತಾಯಿಗೆ ಉಡಿ ತುಂಬಬೇಕಂತೆ. ಅದು ಕೆಫೆ ಮಾರಾಯ್ತಿ ಎಂದೆ. "ಕೆಫೆ ಇರ್ಲಿ, ಏರ್‌ಪೋರ್ಟ್ ಇರ್ಲಿ, ಮುತ್ತೈದಿನ್ನ ಬರೇ ಉಡೀಲೆ ಕಳಸೂದಿಲ್ಲ ನಾ" ಎಂದಳು. ನಮ್ಮ ವಿಜಾಪುರದ ಹೆಣ್ಣುಮಕ್ಕಳು ಒಮ್ಮೆ ಹೀಗೆ ಹೇಳಿದರೆ ಮುಗಿಯಿತು. ಚೀಲ ನಾನೇ ಹೊತ್ತುಕೊಂಡೆ.

ಭಾನುವಾರ ಸಂಜೆ ಐದು ಗಂಟೆಗೆ ಎರಡೂ ಕಡೆಯವರು ಕೆಫೆಯ ಬಾಗಿಲಲ್ಲಿ ಕೂಡಿದೆವು. ಅವರು ಮೂವರು, ನಾವು ಮೂವರು. ಅವರ ನಮಸ್ಕಾರ ಮುಗಿಯುವ ಮೊದಲೇ ಒಳಗೆ ಹೋಗಿ ಎರಡು ಮೇಜುಗಳನ್ನು ಜೋಡಿಸಲು ಕೈಹಾಕಿದೆ ನೋಡಿ, ಅಲ್ಲಿಂದ ಶುರುವಾಯಿತು. ಮ್ಯಾನೇಜರ್ ಬಂದ. ಮೂವತ್ತೈದು ವರ್ಷ ಇರಬಹುದು, ಎದೆಯ ಮೇಲೆ ಮಿಲಿಂದ ಎಂದು ಹೆಸರಿನ ಪಟ್ಟಿ, ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು, ಮೀಸೆಯನ್ನು ಬಹಳ ಶ್ರದ್ಧೆಯಿಂದ ಕತ್ತರಿಸಿದ್ದ. ಮೇಜು ಸರಿಸುವಂತಿಲ್ಲ, ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು ಎಂದ. ನೆಲದ ಮೇಲೆ ಹಳದಿ ಪಟ್ಟಿ ತೋರಿಸಿದ. ಹೋಗಲಿ, ಒಂದು ಮೇಜಿಗೆ ಎರಡು ಕುರ್ಚಿ ಹೆಚ್ಚಿಗೆ ಹಾಕಿ ಎಂದೆ. ಒಂದು ಮೇಜಿಗೆ ನಾಲ್ಕೇ ಜನ ಎಂದ. ಬೆಂಕಿ ಬಿದ್ದರೆ ಆರು ಜನ ಓಡುವುದಕ್ಕೂ ನಾಲ್ಕು ಜನ ಓಡುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. "ಸರ್, ಫಾರ್ ಯುವರ್ ಸೇಫ್ಟಿ" ಎಂದ. ನನ್ನ ಹೊಟ್ಟೆಯಲ್ಲಿ ಗುರ್ ಎಂದಿತು.

ಕೊನೆಗೆ ಹಿರಿಯರು ನಾಲ್ವರು ಒಂದು ಮೇಜಿಗೆ, ಹುಡುಗ ಹುಡುಗಿ ನನ್ನ ಬೆನ್ನ ಹಿಂದಿನ ಇಬ್ಬರ ಮೇಜಿಗೆ ಎಂದಾಯಿತು. ಇರಲಿ ಬಿಡಿ ಎಂದು ಹುಡುಗನ ತಂದೆ ನಕ್ಕರು. ಒಳ್ಳೆಯ ಮನುಷ್ಯ. ಅವರಿಗೆ ಬೇಕಾದದ್ದು ಒಂದೇ, ಬಿಸಿಬಿಸಿ ಚಹಾ, ಬಸಿಯಲ್ಲಿ ಹೊಯ್ದುಕೊಂಡು ಸೊರ್ ಎಂದು ಕುಡಿಯಲು. ಚಹಾ ಬಂತು, ಕಾಗದದ ಕಪ್ಪಿನಲ್ಲಿ, ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು. ಅವರು ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿ, ಪಾಪ, ಮುಚ್ಚಳವನ್ನು ಮತ್ತೆ ಹಾಕಿಟ್ಟರು. ಮಗುವಿಗೆ ಸ್ನಾನ ಮಾಡಿಸುವ ನೀರು ಅದಕ್ಕಿಂತ ಬಿಸಿಯಿರುತ್ತದೆ. ಬೀಗರಾಗಬಹುದಾದ ಮನುಷ್ಯ ನನ್ನ ಕಣ್ಣೆದುರು ತಣ್ಣಗಿನ ಚಹಾ ನೋಡುತ್ತ ಕೂತಿದ್ದಾರೆ! ನಾನು ಎದ್ದು ಕೌಂಟರಿಗೆ ಹೋದೆ.

ಒಂದು ಬಿಸಿ ಚಹಾ, ಒಂದು ಕಪ್ಪು, ಒಂದು ಬಸಿ, ಇಷ್ಟೇ ಕೇಳಿದ್ದು. ಬಸಿ ಅಂದರೆ ಏನು ಎಂದು ಮ್ಯಾನೇಜರನಿಗೆ ತಿಳಿಯಲಿಲ್ಲ. ಬಶಿ ಎಂದು ಮರಾಠಿಯಲ್ಲಿ ಹೇಳಿದ ಮೇಲೆ ತಿಳಿಯಿತು, ತಿಳಿದ ಮೇಲೆ ಗಾಬರಿಯಾಯಿತು. ತೆರೆದ ತಟ್ಟೆಯಲ್ಲಿ ಬಿಸಿ ಪಾನೀಯ ಕೊಡುವಂತಿಲ್ಲ, ಚೆಲ್ಲಿದರೆ ಸುಡುತ್ತದೆ ಎಂದ. ಅರವತ್ತೈದು ವರ್ಷದಿಂದ ಅವರು ಹಾಗೇ ಕುಡಿಯುತ್ತಿದ್ದಾರೆ, ಇದುವರೆಗೆ ಮೈ ಸುಟ್ಟುಕೊಂಡಿಲ್ಲ ಎಂದೆ. ಅರವತ್ತರ ಮೇಲಿನವರಿಗಾದರೆ ಇನ್ನೂ ಜಾಗ್ರತೆ ಬೇಕು ಸರ್ ಎಂದ. ಬಿಸಿ ಹೆಚ್ಚು ಬೇಕಾದರೆ ಒಂದು ಫಾರಂ ಇದೆಯಂತೆ. ಬಿಸಿ ಚಹಾ ಕುಡಿಯುವುದರ ಅಪಾಯ ನನಗೆ ತಿಳಿದಿದೆ ಎಂದು ಬರೆದು ಸಹಿ ಮಾಡಬೇಕಂತೆ! ಮಗಳ ಸಂಬಂಧಕ್ಕೆ ಬಂದು, ಚಹಾ ಕುಡಿಯಲು ಮುಚ್ಚಳಿಕೆ ಬರೆದುಕೊಡುವ ಗತಿ ನನ್ನ ಅಪ್ಪನಿಗೂ ಬಂದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಫಾರಮ್ಮಿನ ಒಂದೊಂದೇ ಸಾಲು ಓದುತ್ತ, ಒಂದೊಂದಕ್ಕೂ ಜಗಳ ತೆಗೆದೆ.

ಅಷ್ಟರಲ್ಲಿ ನನ್ನ ಹಿಂದೆ ಏನೋ ಚರಚರ ಸದ್ದಾಯಿತು. ಮ್ಯಾನೇಜರನ ಕಣ್ಣು ದೊಡ್ಡದಾಯಿತು. ಒಮ್ಮೆ ತಿರುಗಿ ನೋಡಿದೆ. ಸುಧಾ ಉಡಿ ತುಂಬಲು ಶುರುಮಾಡಿದ್ದಳು. ಹುಡುಗನ ತಾಯಿ ಹಳದಿ ಪಟ್ಟಿಯ ಮೇಲೆಯೇ ಪೂರ್ವಕ್ಕೆ ಮುಖಮಾಡಿ ನಿಂತು ಸೆರಗು ಒಡ್ಡಿದ್ದರು. ಸಿಂಥೆಟಿಕ್ ಸೀರೆ, ಐದನೆಯ ಹಿಡಿಗೆ ಸೆರಗು ಜಾರಿ ಅಕ್ಕಿ ನೆಲದ ತುಂಬ ಹರಡಿತ್ತು. ಕೆಫೆಯ ಹೆಂಗಸೊಬ್ಬಳು ಓಡಿಹೋಗಿ 'ನೆಲ ಒದ್ದೆಯಾಗಿದೆ' ಎಂಬ ಹಳದಿ ಫಲಕ ತಂದು ಹುಡುಗನ ತಾಯಿಯ ಪಕ್ಕ ನಿಲ್ಲಿಸಿದಳು. ಅದು ಒಣ ಅಕ್ಕಿ, ಎಲ್ಲಿ ಒದ್ದೆ ಎಂದು ಕೇಳಿದೆ. ಅಕ್ಕಿಗೆ ಬೇರೆ ಫಲಕ ಇಲ್ಲ ಸರ್ ಎಂದ ಮ್ಯಾನೇಜರ್. ಇದನ್ನು ಅವನು ನಗದೆ ಹೇಳಿದ. ಆಮೇಲೆ ಇನ್ನೊಂದು ಕಾಗದ ಹೊರಗೆ ಬಂತು, ಅವಘಡದ ವರದಿಯಂತೆ. ಚೆಲ್ಲಿದ ವಸ್ತು ಯಾವುದು, ಎಷ್ಟು, ಹೇಗೆ ಚೆಲ್ಲಿತು, ಯಾರು ಜವಾಬ್ದಾರರು, ಕೆಳಗೆ ಸಹಿ.

ಸಹಿ ಮಾಡುವುದಿಲ್ಲ ಎಂದೆ. ಇದು ಅವಘಡವಲ್ಲ, ನಮ್ಮ ಪದ್ಧತಿ ಎಂದೆ. ಪದ್ಧತಿಯಾದರೂ ಯಾರಾದರೂ ಕಾಲಿಟ್ಟು ಜಾರಿದರೆ ನನ್ನ ಕೆಲಸ ಹೋಗುತ್ತದೆ ಎಂದ. ನಿಮ್ಮ ನಿಯಮ ಬರೆದವರನ್ನು ಒಂದು ದಿನ ಬೆಳಗಿನ ಲೋಕಲಿಗೆ ಹತ್ತಿಸಿ ಎಂದೆ. ನಾನೂ ಟಿಟ್ವಾಳಾದಿಂದ ಅದೇ ಲೋಕಲಿನಲ್ಲಿ ಬರುತ್ತೇನೆ ಎಂದ. ಅದು ನನಗೆ ಇನ್ನೂ ಸಿಟ್ಟು ತರಿಸಿತು. ಮೇಜು, ಕುರ್ಚಿ, ಮುಚ್ಚಳ, ಬಸಿ, ಫಲಕ, ಎಲ್ಲವನ್ನೂ ಮತ್ತೆ ಮೊದಲಿನಿಂದ ತೆಗೆದೆ. ಇಪ್ಪತ್ತೆಂಟು ವರ್ಷ ಲೋಕಲಿನಲ್ಲಿ ಬಾರದ ಸಿಟ್ಟೆಲ್ಲ ಆ ಕೌಂಟರಿನ ಮುಂದೆ ಬಂತು. ಹಿಂದಿನಿಂದ ಯಾರೋ ನಕ್ಕರು. ನನ್ನನ್ನೇ ನೋಡಿ ನಗುತ್ತಿರಬೇಕೆಂದು ತಿರುಗಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆ ಹೆಂಗಸು ಬಂದು ಮ್ಯಾನೇಜರನ ಕಿವಿಯಲ್ಲಿ ಏನೋ ಹೇಳಿದಳು. ಅವನು ಒಮ್ಮೆ ನನ್ನ ಹೆಗಲಿನ ಆಚೆ ನೋಡಿ, ಕಾಗದ ಮಡಚಿ, "ಠೀಕ್ ಹೈ ಸರ್, ಹೋ ಗಯಾ" ಎಂದ. ಗೆದ್ದೆ ಎಂದುಕೊಂಡೆ. ಎದೆ ಉಬ್ಬಿಸಿಕೊಂಡು ತಿರುಗಿದರೆ ಎಲ್ಲರೂ ಹೊರಡಲು ಎದ್ದು ನಿಂತಿದ್ದರು. ಗಡಿಬಿಡಿಯಲ್ಲಿ ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಮಾಡಿದೆ. ಹುಡುಗ ಬಗ್ಗಿ ನನ್ನ ಕಾಲು ಮುಟ್ಟಿದ. ನನಗೆ ಕಂಡದ್ದು ಅವನ ನೆತ್ತಿ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಶ್ರುತಿ ಎದುರು ಬಂದು ನಿಂತಳು. ಹೇಗನ್ನಿಸಿತು ಎಂದು ಕೇಳಿದಳು. ಒಳ್ಳೆಯ ಜನ ಎಂದೆ. ಜನ ಅಲ್ಲ, ಅವನು ಎಂದಳು. ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಗಾಯದ ಗುರುತಿನ ಹುಬ್ಬು ಬಂತು. ಶ್ರದ್ಧೆಯಿಂದ ಕತ್ತರಿಸಿದ ಮೀಸೆ ಬಂತು. ಎದೆಯ ಮೇಲಿನ ಹೆಸರಿನ ಪಟ್ಟಿ ಬಂತು. ಫಾರಮ್ಮಿನ ಸಾಲುಗಳು ಬೇಕಾದರೆ ಇವತ್ತಿಗೂ ಒಪ್ಪಿಸಬಲ್ಲೆ. ಹುಡುಗನ ಮುಖ ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಅವನಿಗೆ ಚಷ್ಮಾ ಇದೆಯೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಅವಳಿಗೆ ಗೊತ್ತಾಗಿಹೋಯಿತು. ನನ್ನ ಮಗಳು ಕನ್ನಡದಲ್ಲಿ ಮಾತಾಡಿದಳೆಂದರೆ ಬಹಳ ನೊಂದಿದ್ದಾಳೆಂದೇ ಅರ್ಥ. "ನಾ ನಿಮ್ಮ ಕಡೀನ ನೋಡ್ತಿದ್ದೆ ಪಪ್ಪಾ. ನೀವು ನಮ್ಮ ಕಡೆ ತಿರುಗ್ಲೇ ಇಲ್ಲ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲ ಮುಂದೆ ನಿಂತು ನನಗೆ ನನ್ನ ಮೇಲೆ ಬಂದ ಸಿಟ್ಟು, ಜೀವನದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಅಡುಗೆಮನೆಗೆ ಹೋಗಿ ಸುಧಾಳನ್ನು ಮೆಲ್ಲಗೆ ಕೇಳಿದೆ, ಹುಡುಗ ಹೇಗಿದ್ದ? ಅವಳು ತಿರುಗಿಯೂ ನೋಡದೆ, "ಅಷ್ಟೊತ್ತು ಯಾರ ಮಾರಿ ನೋಡ್ಕೋತ ನಿಂತಿದ್ರಿ, ಅವ್ನ್ನ ಕೇಳ್ರಿ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, ತಾಯಿಯ ಬೆಳ್ಳಿ ಬಟ್ಟಲು ಆ ಗಲಾಟೆಯಲ್ಲಿ ಅಲ್ಲೇ ಉಳಿಯಿತು, ನಾಳೆ ಆಫೀಸಿನಿಂದ ಬರುವಾಗ ತಂದರೆ ಮನೆಯೊಳಗೆ ಬರ್ರಿ, ಇಲ್ಲದಿದ್ದರೆ ಬೇಡ ಎಂದೂ ಸೇರಿಸಿದಳು.

ಮರುದಿನ ಬೆಳಗಿನ ಗಾಡಿಯಲ್ಲಿ ನನ್ನ ಗುಂಪಿನವರಿಗೆ ಮ್ಯಾನೇಜರನ ಬಾಯಿ ಮುಚ್ಚಿಸಿದ ಕಥೆಯನ್ನು ಮಾತ್ರ ಹೇಳಿದೆ. ಎಲ್ಲರೂ ಶಾಭಾಸ್ ಎಂದರು. ಸಂಜೆ ಮಹಾಪೆಯಿಂದ ಹೊರಟು ಠಾಣೆಯಲ್ಲಿ ಇಳಿದು ಕೆಫೆಗೆ ಹೋದೆ. ಮಿಲಿಂದ ನನ್ನನ್ನು ನೋಡಿದ ಕೂಡಲೇ ಕಾಗದ ಪೆನ್ನು ತೆಗೆದ. ಬಟ್ಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ಟೇಪು ಹಚ್ಚಿ, ಚೀಟಿ ಅಂಟಿಸಿ ಇಟ್ಟಿದ್ದ. ಒಳಗಿನ ಕುಂಕುಮ ಒಂದು ಚಿಟಿಕೆಯೂ ಚೆಲ್ಲಿರಲಿಲ್ಲ. ತಲೆ ತಗ್ಗಿಸಿ ಸಹಿ ಮಾಡಿದೆ. ಆಮೇಲೂ ಹೊರಡದೆ ಅಲ್ಲೇ ನಿಂತೆ. ನಿನ್ನೆ ನಾನು ಕೌಂಟರಿಗೆ ಮುಖಮಾಡಿ ನಿಂತಿದ್ದರೆ, ಇವನು ಅಷ್ಟು ಹೊತ್ತೂ ಮೇಜುಗಳ ಕಡೆಗೆ ಮುಖಮಾಡಿ ನಿಂತಿದ್ದ ಎಂಬುದು ಆಗ ಹೊಳೆಯಿತು. ಮಾನ ಬಿಟ್ಟು ಕೇಳಿದೆ, ನಿನ್ನೆ ನನ್ನ ಮಗಳ ಎದುರು ಕೂತಿದ್ದನಲ್ಲ, ಆ ಹುಡುಗ ಹೇಗಿದ್ದ?

ಅವನು ನನ್ನನ್ನು ಒಂದು ಕ್ಷಣ ನೋಡಿದ. ನಗಲಿಲ್ಲ, ಆ ಉಪಕಾರ ನಾನು ಮರೆಯುವುದಿಲ್ಲ. ಅಕ್ಕಿ ಬಿದ್ದಾಗ ನಮ್ಮ ಹೆಂಗಸು ಪೊರಕೆ ಹಿಡಿದು ಹೋದಳು ಸರ್, ನೀವು ಕೇಳಿದವರೇ ಉಡಿಯ ಅಕ್ಕಿಗೆ ಪೊರಕೆ ಹಚ್ಚಬೇಡಿ ಎಂದು ತಡೆದರು ಎಂದ. ತಾವೇ ನೆಲದ ಮೇಲೆ ಕೂತು ಕೈಯಿಂದ ಬಳಿದು ಒಟ್ಟುಮಾಡಿದರಂತೆ. ಸ್ವಲ್ಪ ಹೊತ್ತಿಗೆ ನಿಮ್ಮ ಮಗಳೂ ಎದ್ದು ಬಂದು ಕೂತರು, ಮೇಜಿನ ಕೆಳಗೆ ಹೋದ ಕಾಳುಗಳನ್ನು ಇಬ್ಬರೂ ಬಗ್ಗಿ ಬಗ್ಗಿ ಆರಿಸುತ್ತಿದ್ದರು, ನಿಮ್ಮ ಮಗಳು ನಗುತ್ತಿದ್ದರು ಎಂದ. ಆಮೇಲೆ ನೀವು ಸಹಿ ಮಾಡುತ್ತಿಲ್ಲ, ನನ್ನ ಕೆಲಸಕ್ಕೆ ತೊಂದರೆ ಎಂದು ಆ ಹೆಂಗಸು ಅಂದದ್ದು ಕೇಳಿ, ಇನ್ನೊಂದು ಕಾಗದ ತರಿಸಿ ಅವರೇ ಸಹಿ ಮಾಡಿಕೊಟ್ಟರು ಎಂದು ಫೈಲು ತೆಗೆದು ತೋರಿಸಿದ. ಚೆಲ್ಲಿದ ವಸ್ತು, ಅಕ್ಕಿ. ಜವಾಬ್ದಾರರು ಎಂಬ ಕಡೆ ನಿಖಿಲ ಎಂದು ದುಂಡಗಿನ ಅಕ್ಷರದಲ್ಲಿ ಇತ್ತು. ಹುಡುಗಿಯ ಅಪ್ಪನಿಗೆ ಹೇಳಬೇಡಿ ಎಂದೂ ಹೇಳಿಹೋಗಿದ್ದನಂತೆ. "ಲಡ್ಕಾ ಅಚ್ಛಾ ಹೈ ಸರ್" ಎಂದ ಮಿಲಿಂದ. ನಾನು ಬೆಳಗಿನಿಂದ ಎಲ್ಲರ ಮುಂದೆ ಮೆರೆಸಿದ ಗೆಲುವು ಆ ಕಾಗದದ ಮೇಲೆ ಅಲ್ಲೇ ಮುಗಿಯಿತು.

ಮನೆಗೆ ಬಂದು ಬಟ್ಟಲನ್ನು ದೇವರ ಮುಂದಿಟ್ಟು ಶ್ರುತಿಯನ್ನು ಕರೆದೆ. ನನ್ನ ಕಡೆಯಿಂದ ಹೂಂ ಎಂದೆ. ಅವಳು ನಂಬಲಿಲ್ಲ. ನೀವು ನೋಡೇ ಇಲ್ಲವಲ್ಲ ಎಂದಳು. ನೋಡಲಿಲ್ಲ, ತಪ್ಪಾಯಿತು, ಆದರೆ ವಿಚಾರಿಸಿಕೊಂಡು ಬಂದೆ ಎಂದೆ. ನಮ್ಮ ಕಡೆ ಸಂಬಂಧ ಮಾಡುವ ಮುಂಚೆ ಗುರುತಿನವರ ಹತ್ತಿರ ವಿಚಾರಿಸುವುದು ಇದ್ದದ್ದೇ. ಯಾರ ಹತ್ತಿರ ಎಂದು ಕೇಳಿದಳು. ಠಾಣೆಯಲ್ಲಿ ಒಬ್ಬರಿದ್ದಾರೆ, ಬಹಳ ನಿಯಮದ ಮನುಷ್ಯ, ಸುಳ್ಳು ಹೇಳುವವರಲ್ಲ ಎಂದೆ.

ಅವರಿಗೆ ಅವನು ಹೇಗೆ ಗೊತ್ತು ಎಂದಳು.

"ನಿನ್ನೆ ಅವರೂ ಅಲ್ಲೇ ಇದ್ರು. ಎಲ್ಲಾ ಕಣ್ಣಾರೆ ನೋಡ್ಯಾರ."

"ಮತ್ತ ನೀವು?"

"ನಾ ಅವರಿಗೆ ಅಡ್ಡ ನಿಂತಿದ್ದೆ."